ಮುಳ್ಳಿನಿಂದ ಕಿವಿಯವರೆಗೆ: ಫೋನೋ ಪ್ರೀಆಂಪಿನ ಆಯ್ಕೆ ಮತ್ತು ಜೋಡಣೆ



ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೋ ಬೀರುವಿನ ಕೆಳಗಿನ ಅರೆಯಲ್ಲೋ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳ ಒಂದು ಕಟ್ಟು ಇರಬಹುದು. ಈಚೆಗೆ ಇಂಥ ತಟ್ಟೆಗಳ ಬಗ್ಗೆ ಜನರಿಗೆ ಮತ್ತೆ ಆಸೆ ಹುಟ್ಟಿದೆ. ಟರ್ನ್‌ಟೇಬಲ್ ಕೊಂಡು ತರುತ್ತಾರೆ. ಅದರ ತಂತಿಗಳನ್ನು ಮನೆಯಲ್ಲಿರುವ ಆಂಪ್ಲಿಫೈಯರಿನ ಹಿಂದೆ ಸಿಕ್ಕಿಸುತ್ತಾರೆ. ತಟ್ಟೆಯ ಮೇಲೆ ಮುಳ್ಳನ್ನು ಇಳಿಸುತ್ತಾರೆ. ಆಗ ಕೇಳಿಸುವುದೇನು? ದೂರದ ಬೀದಿಯಲ್ಲಿ ಯಾರೋ ಹಾಡಿದಂತೆ ಸಣ್ಣ ದನಿ. ಮೃದಂಗದ ಎಡ ಮುಖದ ನಾದವೇ ಇಲ್ಲ. ತಂಬೂರಿಯ ಮಂದ್ರ ತಂತಿ ಕಾಣೆಯಾಗಿದೆ. 'ಸ', 'ಶ' ಅಕ್ಷರಗಳು ಮಾತ್ರ ಕಿವಿಗೆ ಚುಚ್ಚುತ್ತವೆ. "ಪಾಪ, ತಟ್ಟೆ ಸವೆದುಹೋಗಿದೆ" ಎಂದು ಮನೆಯವರು ತೀರ್ಮಾನಿಸುತ್ತಾರೆ. ಮುಂದಿನ ತಿಂಗಳು ಹಳೆಯ ಪತ್ರಿಕೆಗಳ ಜೊತೆಗೆ ಆ ಕಟ್ಟೂ ಗುಜರಿಗೆ ಹೋಗುತ್ತದೆ.

ಆದರೆ ತಟ್ಟೆ ಸವೆದೇ ಇಲ್ಲದಿರಬಹುದು. ಮುಳ್ಳಿಗೂ ಆಂಪ್ಲಿಫೈಯರಿಗೂ ನಡುವೆ ಇರಬೇಕಾದ ಒಂದು ಚಿಕ್ಕ ಉಪಕರಣ ಅಲ್ಲಿ ಇರಲಿಲ್ಲ, ಅಷ್ಟೆ. ಅದರ ಹೆಸರು ಫೋನೋ ಪ್ರೀಆಂಪ್. ಕನ್ನಡದಲ್ಲಿ ಪೂರ್ವವರ್ಧಕ ಎನ್ನಬಹುದು. ಅದು ಏಕೆ ಬೇಕು, ಅದನ್ನು ಹೇಗೆ ಆರಿಸಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಇಂದು ನೋಡೋಣ.

ಮೊದಲು ಮುಳ್ಳಿನ ಕೆಲಸವನ್ನು ತಿಳಿಯೋಣ. ತಟ್ಟೆಯ ಮೇಲೆ ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ಗೀರು ಇದೆ. ಅದರ ಗೋಡೆಗಳು ಧ್ವನಿಗೆ ತಕ್ಕಂತೆ ಅಂಕುಡೊಂಕಾಗಿವೆ. ತಟ್ಟೆ ತಿರುಗಿದಾಗ ಮುಳ್ಳು ಆ ಡೊಂಕುಗಳಲ್ಲಿ ಅತ್ತಿತ್ತ ಓಲಾಡುತ್ತದೆ. ಮುಳ್ಳಿನ ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಕಾಂತವಿದೆ, ಅದರ ಪಕ್ಕದಲ್ಲಿ ತಂತಿಯ ಸುರುಳಿಗಳಿವೆ. ಸುರುಳಿಯ ಬಳಿ ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಮುಳ್ಳು, ಕಾಂತ, ಸುರುಳಿಗಳಿರುವ ಈ ಚಿಕ್ಕ ಭಾಗವನ್ನು ಕಾರ್ಟ್ರಿಡ್ಜ್ ಎನ್ನುತ್ತಾರೆ.

ಹೀಗೆ ಹುಟ್ಟುವ ವಿದ್ಯುತ್ತು ಬಹಳ ಅಲ್ಪ. ಸಾಮಾನ್ಯ ಕಾರ್ಟ್ರಿಡ್ಜ್ ಕೊಡುವುದು 3ರಿಂದ 6 ಮಿಲಿವೋಲ್ಟ್. ಟೇಪ್ ರೆಕಾರ್ಡರ್, ಸಿಡಿ ಪ್ಲೇಯರುಗಳನ್ನು ಸಿಕ್ಕಿಸುವ ಆಂಪ್ಲಿಫೈಯರಿನ ಆಕ್ಸ್ ಎಂಬ ಕಿಂಡಿ ನಿರೀಕ್ಷಿಸುವುದು ಕೆಲವು ನೂರು ಮಿಲಿವೋಲ್ಟ್. ದನಿ ಸಣ್ಣದಾಗಿ ಕೇಳಿದ್ದಕ್ಕೆ ಕಾರಣ ಇದು. ಹಾಗಾದರೆ ನೂರು ಪಟ್ಟು ಹಿಗ್ಗಿಸಿಬಿಟ್ಟರೆ ಕೆಲಸ ಮುಗಿಯಿತಲ್ಲವೇ ಎಂದು ನೀವು ಕೇಳಬಹುದು. ಮುಗಿಯುವುದಿಲ್ಲ. ದನಿ ದೊಡ್ಡದಾಗುತ್ತದೆ, ಆದರೆ ಮೃದಂಗದ ಎಡಭಾಗ ಮರಳಿ ಬರುವುದಿಲ್ಲ. ಅದಕ್ಕೆ ಕಾರಣ ತಟ್ಟೆಯನ್ನು ಕೊರೆದ ರೀತಿಯಲ್ಲಿಯೇ ಇದೆ.

ಒಂದು ಸಣ್ಣ ಪ್ರಯೋಗ ಮಾಡಿ. ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ ಕೈಯನ್ನು ಎಡಕ್ಕೆ ಬಲಕ್ಕೆ ಓಲಾಡಿಸಿ. ಕೈಯ ವೇಗ ಬದಲಾಗದಿರಲಿ. ಸೆಕೆಂಡಿಗೆ 4 ಸಲ ಓಲಾಡಿಸಿದಾಗ ಗೆರೆಯ ಅಗಲ ಒಂದು ಗೇಣು ಬಂದರೆ, 2 ಸಲ ಓಲಾಡಿಸಿದಾಗ ಎರಡು ಗೇಣು ಬರುತ್ತದೆ. ಅಂದರೆ ಒಂದೇ ವೇಗದಲ್ಲಿ, ಆವೃತ್ತಿ ಅರ್ಧವಾದರೆ ಓಲಾಟದ ಅಗಲ ಎರಡು ಪಟ್ಟು. ಕಾರ್ಟ್ರಿಡ್ಜಿನಲ್ಲಿ ಹುಟ್ಟುವ ವೋಲ್ಟೇಜು ಮುಳ್ಳಿನ ವೇಗವನ್ನು ಅವಲಂಬಿಸಿದೆ. ಆದ್ದರಿಂದ ಮಂದ್ರ ಸ್ವರಗಳಿಂದಲೂ ತಾರ ಸ್ವರಗಳಷ್ಟೇ ವೋಲ್ಟೇಜು ಬರಬೇಕಾದರೆ ಮಂದ್ರ ಸ್ವರಗಳ ಡೊಂಕು ಬಹಳ ಅಗಲವಾಗಿರಬೇಕು.

ಎಷ್ಟು ಅಗಲ? ಲೆಕ್ಕ ಹಾಕೋಣ. ಮುಳ್ಳಿನ ಗರಿಷ್ಠ ವೇಗ ಸೆಕೆಂಡಿಗೆ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 1,000 ಹರ್ಟ್ಸ್ ಆವೃತ್ತಿಯಲ್ಲಿ ಅದು ಮಧ್ಯರೇಖೆಯಿಂದ ಸರಿಯುವ ದೂರ ಸುಮಾರು 0.008 ಮಿಲಿಮೀಟರ್. ಅದೇ ವೇಗದಲ್ಲಿ 50 ಹರ್ಟ್ಸ್ ಆದರೆ 20 ಪಟ್ಟು, ಅಂದರೆ ಸುಮಾರು 0.16 ಮಿಲಿಮೀಟರ್. ಎಲ್‌ಪಿ ತಟ್ಟೆಯಲ್ಲಿ ಒಂದು ಸುತ್ತಿನ ಗೀರಿಗೂ ಪಕ್ಕದ ಸುತ್ತಿನ ಗೀರಿಗೂ ಇರುವ ಅಂತರ ಸುಮಾರು 0.1 ಮಿಲಿಮೀಟರ್ ಮಾತ್ರ! ಮೃದಂಗದ ಒಂದು ಪೆಟ್ಟಿಗೆ ಗೀರು ತನ್ನ ನೆರೆಯ ಗೀರಿನೊಳಕ್ಕೆ ನುಗ್ಗಿಬಿಡುತ್ತಿತ್ತು. ತಾರ ಸ್ವರಗಳಿಗೆ ಇದಕ್ಕೆ ವಿರುದ್ಧವಾದ ತೊಂದರೆ. ಅವುಗಳ ಡೊಂಕು ತೀರ ಕಿರಿದಾಗಿ, ತಟ್ಟೆಯ ಮೈಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಆದ್ದರಿಂದ ಧ್ವನಿಮುದ್ರಣ ಮಾಡುವವರು ಒಂದು ಉಪಾಯ ಮಾಡಿದರು. ತಟ್ಟೆ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತಿ ಕೊರೆದರು. ನುಡಿಸುವಾಗ ಇದನ್ನು ತಿರುವುಮುರುವು ಮಾಡಿ ಮಂದ್ರವನ್ನು ಎತ್ತಬೇಕು, ತಾರವನ್ನು ತಗ್ಗಿಸಬೇಕು. ಆಗ ಸಂಗೀತ ಮೊದಲಿದ್ದಂತೆ ಆಗುತ್ತದೆ, ತಾರದ ಜೊತೆಗೆ ಸರಸರ ಸದ್ದೂ ತಗ್ಗುತ್ತದೆ. ಎಲ್‌ಪಿ ತಟ್ಟೆ ಅಮೆರಿಕದಲ್ಲಿ 1948ರಲ್ಲಿ ಬಂದಿತು. ಆಗ ಒಂದೊಂದು ಕಂಪನಿಯೂ ತನ್ನದೇ ಅಳತೆಯಲ್ಲಿ ಹೀಗೆ ತಗ್ಗಿಸಿ ಎತ್ತುತ್ತಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಎಲ್ಲರಿಗೂ ಒಂದೇ ಅಳತೆಯನ್ನು ಗೊತ್ತುಮಾಡಿತು. ಆ ಸಂಘದ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಆರ್‌ಐಎಎ ವಕ್ರರೇಖೆ ಎಂದು ಹೆಸರು. ನುಡಿಸುವಾಗ ಈ ರೇಖೆಯ ಪ್ರಕಾರ, 1,000 ಹರ್ಟ್ಸಿಗೆ ಹೋಲಿಸಿದರೆ, 20 ಹರ್ಟ್ಸನ್ನು ಸುಮಾರು 9 ಪಟ್ಟು ಎತ್ತಬೇಕು. 20,000 ಹರ್ಟ್ಸನ್ನು 9ರಲ್ಲಿ 1 ಪಾಲಿಗಿಂತಲೂ ಸ್ವಲ್ಪ ಕೆಳಕ್ಕೆ ಇಳಿಸಬೇಕು.

ಈಗ ತಿಳಿಯಿತಲ್ಲವೇ? ತಟ್ಟೆಯಲ್ಲಿರುವುದು ಬೇಕೆಂದೇ ಬದಲಿಸಿ ಬರೆದ ಸಂಗೀತ. ಫೋನೋ ಪ್ರೀಆಂಪಿಗೆ ಇರುವುದು ಎರಡು ಕೆಲಸ: ಹಿಗ್ಗಿಸುವುದು ಮತ್ತು ಆ ಬದಲಾವಣೆಯನ್ನು ತೆಗೆಯುವುದು. ಮೊದಲನೆಯದನ್ನು ಯಾವ ಆಂಪ್ಲಿಫೈಯರಾದರೂ ಮಾಡೀತು. ಎರಡನೆಯದೇ ಅದರ ವಿಶೇಷ.

ಇನ್ನು ಆಯ್ಕೆಗೆ ಬರೋಣ. ಅಂಗಡಿಗೆ ಹೋಗುವ ಮೊದಲು ನಿಮ್ಮ ಬಳಿ ಏನಿದೆ ಎಂದು ನೋಡಿ. ಈಗ ಬರುವ ಅನೇಕ ಟರ್ನ್‌ಟೇಬಲುಗಳ ಒಳಗೇ ಪ್ರೀಆಂಪ್ ಇರುತ್ತದೆ. ಹಿಂಬದಿಯಲ್ಲಿ ಫೋನೋ, ಲೈನ್ ಎಂಬ ಎರಡು ಸ್ಥಾನಗಳ ಸ್ವಿಚ್ ಇದ್ದರೆ ಒಳಗೆ ಪ್ರೀಆಂಪ್ ಇದೆ ಎಂದು ಅರ್ಥ. ಲೈನ್ ಸ್ಥಾನದಲ್ಲಿಟ್ಟು ನೇರವಾಗಿ ಆಕ್ಸ್ ಕಿಂಡಿಗೆ ಕೊಟ್ಟರೆ ಸಾಕು. ಹಳೆಯ ಆಂಪ್ಲಿಫೈಯರುಗಳ ಬೆನ್ನಿನಲ್ಲಿ ಫೋನೋ ಎಂದು ಬರೆದ ಕಿಂಡಿ ಇರುವುದುಂಟು. ಅಂಥದರ ಒಳಗೂ ಸಾಮಾನ್ಯವಾಗಿ ಪ್ರೀಆಂಪ್ ಇರುತ್ತದೆ. ಇವುಗಳಲ್ಲಿ ಒಂದಿದ್ದರೂ ಹಣ ಖರ್ಚು ಮಾಡುವ ಮೊದಲು ಅದನ್ನೇ ಕೇಳಿ ನೋಡಿ.

ಎರಡನೆಯದಾಗಿ, ಕಾರ್ಟ್ರಿಡ್ಜ್ ಯಾವ ಬಗೆಯದು ಎಂದು ತಿಳಿಯಿರಿ. ಮೂರು ಬಗೆಗಳಿವೆ. ಕಾಂತ ಚಲಿಸುವ ಬಗೆ, ಅಂದರೆ ಮೂವಿಂಗ್ ಮ್ಯಾಗ್ನೆಟ್, ಅತ್ಯಂತ ಸಾಮಾನ್ಯ. ಇದುವರೆಗೆ ಹೇಳಿದ್ದು ಅದನ್ನೇ. ಎರಡನೆಯದು ಸುರುಳಿಯೇ ಚಲಿಸುವ ಬಗೆ, ಅಂದರೆ ಮೂವಿಂಗ್ ಕಾಯಿಲ್. ಇದರ ಸುರುಳಿ ಹಗುರವಾಗಿರಬೇಕಾದ್ದರಿಂದ ತಂತಿಯ ಸುತ್ತುಗಳು ಕಡಿಮೆ, ವೋಲ್ಟೇಜೂ ಕಡಿಮೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದಲ್ಲಿ ರೂಪಿಸಿದ ಡೆನಾನ್ ಡಿಎಲ್-103 ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಕೊಡುವುದು ಸುಮಾರು 0.3 ಮಿಲಿವೋಲ್ಟ್ ಮಾತ್ರ. ಮೂರನೆಯದು ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿದ್ದ ಸ್ಫಟಿಕ ಅಥವಾ ಸಿರಾಮಿಕ್ ಬಗೆ. ಇದರಲ್ಲಿ ಕಾಂತವಿಲ್ಲ. ಸ್ಫಟಿಕವನ್ನು ಬಾಗಿಸಿದಾಗ ವಿದ್ಯುತ್ತು ಹುಟ್ಟುತ್ತದೆ, ಅದೂ ಕೆಲವು ನೂರು ಮಿಲಿವೋಲ್ಟ್. ಅದು ಮುಳ್ಳಿನ ವೇಗವನ್ನಲ್ಲ, ಸರಿದ ದೂರವನ್ನು ಅವಲಂಬಿಸಿದೆ. ಆದ್ದರಿಂದ ಈ ಬಗೆಗೆ ಫೋನೋ ಪ್ರೀಆಂಪ್ ಬೇಡ. ಹಾಕಿದರೆ ದನಿ ಒಡೆದು ಗೊಗ್ಗರಾಗುತ್ತದೆ.

ಮೂರನೆಯದಾಗಿ, ಎಷ್ಟು ಪಟ್ಟು ಹಿಗ್ಗಿಸಬೇಕು? ಇದನ್ನು ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. 40 ಡೆಸಿಬೆಲ್ ಎಂದರೆ 100 ಪಟ್ಟು, 60 ಡೆಸಿಬೆಲ್ ಎಂದರೆ 1,000 ಪಟ್ಟು. ಮೂವಿಂಗ್ ಮ್ಯಾಗ್ನೆಟ್ಟಿನ 4 ಮಿಲಿವೋಲ್ಟನ್ನು 100 ಪಟ್ಟು ಮಾಡಿದರೆ 400 ಮಿಲಿವೋಲ್ಟ್, ಸರಿಯಾಯಿತು. ಮೂವಿಂಗ್ ಕಾಯಿಲ್‌ನ 0.3 ಮಿಲಿವೋಲ್ಟಿಗೆ 1,000 ಪಟ್ಟು ಬೇಕು. ಅದಲುಬದಲಾದರೆ ಒಂದರಲ್ಲಿ ದನಿ ಸಾಲದು, ಇನ್ನೊಂದರಲ್ಲಿ ಗಟ್ಟಿ ಸ್ವರಗಳು ಒಡೆಯುತ್ತವೆ. ಪ್ರೀಆಂಪಿನ ಮೇಲೆ ಎಂಎಂ, ಎಂಸಿ ಎಂಬ ಸ್ವಿಚ್ ಇದ್ದರೆ ಅದು ಈ ಎರಡಕ್ಕೆ. ಎಂಎಂ ಕಾರ್ಟ್ರಿಡ್ಜ್ ಇರುವವರು ಎಂಸಿ ಸೌಲಭ್ಯಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ನಾಲ್ಕನೆಯದು ಹೊರೆ. ಪ್ರೀಆಂಪಿನ ಒಳಕಿಂಡಿ ಕಾರ್ಟ್ರಿಡ್ಜಿಗೆ ಒಂದು ವಿದ್ಯುತ್ ಹೊರೆಯಾಗಿರುತ್ತದೆ. ಮೂವಿಂಗ್ ಮ್ಯಾಗ್ನೆಟ್ಟಿಗೆ ಇದು 47,000 ಓಮ್ ಎಂಬುದು ರೂಢಿಯಾಗಿದೆ. ಬಹುತೇಕ ಎಲ್ಲ ಪ್ರೀಆಂಪುಗಳಲ್ಲೂ ಇಷ್ಟೇ ಇರುತ್ತದೆ. ಹಲವರು ಮರೆಯುವುದು ಕೆಪಾಸಿಟನ್ಸನ್ನು. ಟರ್ನ್‌ಟೇಬಲಿನ ತಂತಿಗೆ ಒಂದಿಷ್ಟು, ಪ್ರೀಆಂಪಿನ ಒಳಕಿಂಡಿಗೆ ಒಂದಿಷ್ಟು ಕೆಪಾಸಿಟನ್ಸ್ ಇರುತ್ತದೆ. ಎರಡೂ ಕೂಡಿಕೊಳ್ಳುತ್ತವೆ. ಕಾರ್ಟ್ರಿಡ್ಜಿನ ಸುರುಳಿಯ ಇಂಡಕ್ಟನ್ಸ್ ಸುಮಾರು 500 ಮಿಲಿಹೆನ್ರಿ ಎಂದಿಟ್ಟುಕೊಳ್ಳಿ. ಒಟ್ಟು ಕೆಪಾಸಿಟನ್ಸ್ 200 ಪಿಕೋಫ್ಯಾರಡ್ ಆದರೆ ಅನುರಣನದ ಆವೃತ್ತಿ ಸುಮಾರು 16,000 ಹರ್ಟ್ಸ್. 400 ಆದರೆ ಸುಮಾರು 11,000 ಹರ್ಟ್ಸ್. ಕಾಲೇಜಿನವರು ಸೂತ್ರ ಹಾಕಿ ಇದನ್ನು ತಾಳೆ ನೋಡಬಹುದು. ಎರಡನೆಯ ಸಂದರ್ಭದಲ್ಲಿ 11,000ದ ಹತ್ತಿರ ಸ್ವರ ಉಬ್ಬಿ, ಅದರಾಚೆ ಬೇಗ ಕುಸಿಯುತ್ತದೆ. 'ಸ' ಅಕ್ಷರ ಚುಚ್ಚುವುದಕ್ಕೆ ಇದೂ ಒಂದು ಕಾರಣ. ಅನೇಕ ಕಾರ್ಟ್ರಿಡ್ಜುಗಳ ಕೈಪಿಡಿ 100ರಿಂದ 200 ಪಿಕೋಫ್ಯಾರಡ್ ಎಂದು ಹೇಳುತ್ತದೆ. ನಿಮ್ಮ ಕೈಪಿಡಿ ಹೇಳುವ ಅಂಕಿಯನ್ನೇ ಅನುಸರಿಸಿ. ತಂತಿ ಉದ್ದವಾದಷ್ಟೂ ಈ ಅಂಕಿ ಏರುತ್ತದೆ. ಆದ್ದರಿಂದ ಟರ್ನ್‌ಟೇಬಲಿಗೂ ಪ್ರೀಆಂಪಿಗೂ ನಡುವಿನ ತಂತಿ ಗಿಡ್ಡವಾಗಿರಲಿ.

ಬೆಲೆಯ ವಿಷಯದಲ್ಲಿ ಒಂದು ಮಾತು. ದುಬಾರಿಯದೇ ಒಳ್ಳೆಯದು ಎಂಬ ಭ್ರಮೆ ಬೇಡ. ಎನ್‌ಇ 5532 ಎಂಬ ಅಗ್ಗದ ಚಿಪ್ ಒಂದರಲ್ಲೇ ಎರಡು ಆಪ್-ಆಂಪುಗಳಿವೆ, ಎಡಕ್ಕೊಂದು ಬಲಕ್ಕೊಂದು. ಕೆಲವೇ ರೆಸಿಸ್ಟರು, ಕೆಪಾಸಿಟರುಗಳನ್ನು ಸೇರಿಸಿ ಇದರಿಂದ ಒಳ್ಳೆಯ ಫೋನೋ ಪ್ರೀಆಂಪ್ ಕಟ್ಟಬಹುದು. ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟು. ರೇಖೆಯನ್ನು ನಿರ್ಧರಿಸುವ ಮೂರು ಕಾಲಸ್ಥಿರಾಂಕಗಳು 3180, 318 ಮತ್ತು 75 ಮೈಕ್ರೋಸೆಕೆಂಡ್. ಆದರೆ ಕಂಡ ಸರ್ಕ್ಯೂಟನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಲೆಕ್ಕ ಹಾಕಿ, ಅಳೆದು ನೋಡಿ. ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಮೊದಲು ಹೊಸ ಮುಳ್ಳು ಹಾಕಿಸಿ, ಆಮೇಲೆ ಪ್ರೀಆಂಪ್. ಸವೆದ ಮುಳ್ಳು ತಟ್ಟೆಯನ್ನೇ ಕೆತ್ತಿಹಾಕುತ್ತದೆ. ಆ ನಷ್ಟವನ್ನು ಯಾವ ಪ್ರೀಆಂಪೂ ತುಂಬಿಕೊಡಲಾರದು.

ಈಗ ಜೋಡಣೆ. ಎಲ್ಲವನ್ನೂ ಆರಿಸಿ, ಆಂಪ್ಲಿಫೈಯರಿನ ದನಿಯ ಗುಂಡಿಯನ್ನು ಪೂರ್ತಿ ಇಳಿಸಿ. ಟರ್ನ್‌ಟೇಬಲಿನಿಂದ ಬರುವ ಎರಡು ತಂತಿಗಳನ್ನು ಪ್ರೀಆಂಪಿನ ಇನ್‌ಪುಟ್ ಕಿಂಡಿಗಳಿಗೆ ಸಿಕ್ಕಿಸಿ: ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಜೊತೆಯಲ್ಲಿ ಬರುವ ತೆಳ್ಳಗಿನ ಮೂರನೆಯ ತಂತಿ ಅರ್ತ್ ತಂತಿ. ಅದನ್ನು ಪ್ರೀಆಂಪಿನ ಹಿಂದಿರುವ ತಿರುಪಿನ ಕೆಳಗೆ ಸಿಕ್ಕಿಸಿ ಬಿಗಿ ಮಾಡಿ. ಟರ್ನ್‌ಟೇಬಲಿನ ಒಳಗೂ ಪ್ರೀಆಂಪ್ ಇದ್ದರೆ ಅದರ ಸ್ವಿಚ್ ಫೋನೋ ಸ್ಥಾನದಲ್ಲಿರಲಿ. ಪ್ರೀಆಂಪಿನ ಔಟ್‌ಪುಟ್ಟನ್ನು ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಕೊಡಿ. ಅದರ ಫೋನೋ ಕಿಂಡಿಗೆ ಕೊಡಬಾರದು. ಕೊಟ್ಟರೆ ಒಂದೇ ಸಂಗೀತವನ್ನು ಎರಡು ಸಲ ತಿದ್ದಿದಂತಾಗಿ, ಮಂದ್ರವೆಲ್ಲ ಊದಿಕೊಂಡು ಕೇಳುತ್ತದೆ. ಹಾಕುವಾಗ ಪ್ರೀಆಂಪ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು.

ಮುಳ್ಳಿನ ಭಾರವನ್ನೂ ಪರೀಕ್ಷಿಸಿ. ಇಂದಿನ ಅನೇಕ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜುಗಳಿಗೆ ಸುಮಾರು 2 ಗ್ರಾಂ ಭಾರ ಸಾಕು. ಭಾರ ಹೆಚ್ಚಾದರೆ ಗೀರು ಸವೆಯುತ್ತದೆ ಎಂಬುದು ನಿಮಗೆ ಹೊಳೆಯುತ್ತದೆ. ತೀರ ಕಡಿಮೆಯಾದರೂ ಕೆಡುಕೇ. ಮುಳ್ಳು ಗೋಡೆಯಿಂದ ಗೋಡೆಗೆ ಪುಟಿದು ಗೀರನ್ನು ಗಾಯಗೊಳಿಸುತ್ತದೆ.

ಇಷ್ಟೆಲ್ಲ ಆದಮೇಲೆ ಬಹಳ ಜನರನ್ನು ಕಾಡುವುದು 'ಗುಂಯ್' ಎಂಬ ಒಂದೇ ಸಮನೆಯ ಸದ್ದು. ಇದು ಎಲ್ಲಿಂದ ಬರುತ್ತದೆ? ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಆರ್‌ಐಎಎ ರೇಖೆ 50 ಹರ್ಟ್ಸನ್ನು ಸುಮಾರು 7 ಪಟ್ಟು ಎತ್ತುತ್ತದೆ. ಪ್ರೀಆಂಪ್ 1,000 ಹರ್ಟ್ಸಿನಲ್ಲಿ 100 ಪಟ್ಟು ಹಿಗ್ಗಿಸಿದರೆ 50 ಹರ್ಟ್ಸಿನಲ್ಲಿ 700 ಪಟ್ಟು ಹಿಗ್ಗಿಸುತ್ತದೆ. ಹೀಗಾಗಿ ಮನೆಯ ವಿದ್ಯುತ್ತಿನ ಒಂದು ಕಣ ನುಸುಳಿದರೂ ಅದು ಗುಂಯ್‌ಗುಡುತ್ತದೆ. ಪರಿಹಾರವನ್ನು ಒಂದೊಂದಾಗಿ ಹುಡುಕಿ. ಅರ್ತ್ ತಂತಿ ಬಿಗಿಯಾಗಿದೆಯೇ ನೋಡಿ. ಪ್ರೀಆಂಪನ್ನು ಆಂಪ್ಲಿಫೈಯರ್, ಸ್ಟೆಬಿಲೈಸರ್, ಅಡಾಪ್ಟರುಗಳಿಂದ ಒಂದು ಮೊಳ ದೂರ ಸರಿಸಿ. ಕಾರ್ಟ್ರಿಡ್ಜಿನ ತಂತಿ ಕರೆಂಟಿನ ತಂತಿಯ ಜೊತೆಗೆ ಒಟ್ಟಿಗೆ ಓಡದಿರಲಿ. ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಒಂದು ಎಚ್ಚರಿಕೆ: ಗುಂಯ್ ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಎಂದೂ ಕೀಳಬೇಡಿ. ಸದ್ದು ನಿಂತರೂ ಜೀವಕ್ಕೆ ಅಪಾಯ.

ಒಂದು ಪಕ್ಕದ ಸ್ಪೀಕರಿನಲ್ಲಿ ದನಿಯೇ ಬಾರದಿದ್ದರೆ? ಊಹೆ ಬೇಡ, ಪರೀಕ್ಷೆ ಮಾಡಿ. ಆಂಪ್ಲಿಫೈಯರನ್ನು ಆರಿಸಿ, ಪ್ರೀಆಂಪಿನ ಇನ್‌ಪುಟ್ಟಿನಲ್ಲಿ ಕೆಂಪು, ಬಿಳಿ ತಂತಿಗಳನ್ನು ಅದಲುಬದಲು ಮಾಡಿ. ಈಗ ದನಿಯಿಲ್ಲದಿರುವುದು ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಟರ್ನ್‌ಟೇಬಲ್, ಕಾರ್ಟ್ರಿಡ್ಜ್ ಅಥವಾ ಆ ತಂತಿಯಲ್ಲಿದೆ. ಮೊದಲಿದ್ದ ಕಡೆಯೇ ಉಳಿದರೆ ದೋಷ ಪ್ರೀಆಂಪಿನಲ್ಲೋ ಅದರಾಚೆಗೋ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ಪ್ರಯೋಗಶಾಲೆಯ ನಿಯಮ ಮನೆಯಲ್ಲೂ ನಡೆಯುತ್ತದೆ.

ಕೊನೆಯದಾಗಿ 78 ಸುತ್ತಿನ ತಟ್ಟೆಗಳು. ಭಾರತದಲ್ಲಿ ಇವು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಆದ್ದರಿಂದ ಅಟ್ಟದ ಕಟ್ಟಿನಲ್ಲಿ ಇರುವ ಸಂಭವ ಹೆಚ್ಚು. ಇವುಗಳ ಗೀರು ಅಗಲ. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಆದರೆ ಇದಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನ್. ಎಲ್‌ಪಿಯ ಮುಳ್ಳಿನಿಂದ ಇವನ್ನು ನುಡಿಸಬಾರದು. ಇವುಗಳಲ್ಲಿ ಬಹುಪಾಲು 1954ಕ್ಕೆ ಹಿಂದಿನವಾದ್ದರಿಂದ ಆರ್‌ಐಎಎ ರೇಖೆ ಇವಕ್ಕೆ ಹೊಂದುವುದಿಲ್ಲ. 1925ಕ್ಕೆ ಮುಂಚೆ ಮೈಕ್ ಕೂಡ ಇರಲಿಲ್ಲ. ಕಲಾವಿದರು ದೊಡ್ಡ ಕಹಳೆಯ ಬಾಯಿಗೆ ಹಾಡುತ್ತಿದ್ದರು, ಆ ಕಂಪನವೇ ನೇರವಾಗಿ ಮೇಣವನ್ನು ಕೊರೆಯುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಮೊದಲ ತಟ್ಟೆಗಳು ಅಂಥವು. ಅಲ್ಲಿ ತಿದ್ದಬೇಕಾದ ರೇಖೆಯೇ ಇಲ್ಲ. ಇಂಥವನ್ನು ಕೇಳುವವರು ರೇಖೆಯನ್ನು ಬದಲಿಸಬಲ್ಲ ಪ್ರೀಆಂಪನ್ನು ಆರಿಸಬೇಕು.

ಮಿತ್ರರೇ, ಅಟ್ಟದ ಮೇಲಿನ ಆ ಕಟ್ಟಿನಲ್ಲಿರುವ ಎಷ್ಟೋ ತಟ್ಟೆಗಳು ಮತ್ತೆ ಅಚ್ಚಾಗಲಿಲ್ಲ. ಒಂದು ಗುಜರಿಗೆ ಹೋದರೆ ಒಂದು ದನಿ ಹೋದಂತೆ. ಅದು ಸವೆದಿದೆ ಎಂದು ತೀರ್ಪು ಕೊಡುವ ಮೊದಲು ಸರಿಯಾದ ಮುಳ್ಳು, ಸರಿಯಾದ ಭಾರ, ಸರಿಯಾದ ಪ್ರೀಆಂಪ್, ಬಿಗಿಯಾದ ಒಂದು ಅರ್ತ್ ತಂತಿ, ಇಷ್ಟನ್ನು ಒದಗಿಸಿ ಕೇಳಿ. ಮೃದಂಗದ ಎಡ ಮುಖ ಮರಳಿ ನುಡಿದಾಗ ಮನೆಯ ಹಿರಿಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಹಾಡನ್ನು ಮೊದಲ ಸಲ ಎಲ್ಲಿ ಕೇಳಿದಿರಿ ಎಂದು ಅವರನ್ನು ಕೇಳಿ.